ಮರಳಿನ ಬಾವುಟ, ಇರುವೆಯ ದಾರಿ: ಯುಕಿನೋರಿ ಯಾನಗಿ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಜಪಾನಿನ ಶಿಲ್ಪಿ ಯುಕಿನೋರಿ ಯಾನಗಿ ಅವರ ಕೆಲಸದ ಚಿತ್ರಗಳನ್ನು ಹಲವು ವರ್ಷಗಳಿಂದ ಗೆಳೆಯರಿಗೆ, ಮೇಷ್ಟ್ರುಗಳಿಗೆ, ಚಿತ್ರಕಲೆ ಕಲಿಯುವ ಮಕ್ಕಳಿಗೆ ತೋರಿಸುತ್ತಾ ಬಂದಿದ್ದೇನೆ. ಮಾತಿನಲ್ಲಿ, ಪತ್ರಗಳಲ್ಲಿ, ಪ್ರತಿಕ್ರಿಯೆಗಳಲ್ಲಿ ಸುಮಾರು ಅವೇ ಪ್ರಶ್ನೆಗಳು ಬರುತ್ತವೆ. ಕೆಲವರು ಕುತೂಹಲದಿಂದ ಕೇಳುತ್ತಾರೆ, ಕೆಲವರು ಸಿಟ್ಟಿನಿಂದ. ಕೇಳಿದವರ ಮಾತಲ್ಲೇ ಪ್ರಶ್ನೆಗಳನ್ನು ಇಟ್ಟಿದ್ದೇನೆ.

## ಮೊದಲ ಪರಿಚಯ

ಯಾರು ಈ ಯಾನಗಿ? ಹೆಸರೇ ಕೇಳಿಲ್ಲ.

1959ರಲ್ಲಿ ಜಪಾನಿನ ಫುಕುವೋಕಾದಲ್ಲಿ ಹುಟ್ಟಿದವರು. ಟೋಕಿಯೋದ ಮುಸಾಶಿನೋ ಕಲಾ ವಿಶ್ವವಿದ್ಯಾಲಯದಲ್ಲಿ ಓದಿದರು. ಆಮೇಲೆ ಅಮೆರಿಕದ ಯೇಲ್‌ಗೆ ಹೋಗಿ 1990ರಲ್ಲಿ ಶಿಲ್ಪಕಲೆಯಲ್ಲಿ ಸ್ನಾತಕೋತ್ತರ ಪದವಿ ಪಡೆದರು. 1993ರಲ್ಲಿ ಇಟಲಿಯ ದೊಡ್ಡ ಕಲಾ ಮೇಳವಾದ ವೆನಿಸ್ ಬಿಯೆನಾಲೆಯಲ್ಲಿ ಅವರ ಇರುವೆ ಬಾವುಟಗಳ ಪ್ರದರ್ಶನ ಆಯಿತು. ಕಲಾಲೋಕದಲ್ಲಿ ಅವರ ಹೆಸರು ಎದ್ದು ಕಂಡಿದ್ದು ಆಗ. ಬಾವುಟ, ಸಂವಿಧಾನದ ಸಾಲು, ರಾಜಮನೆತನದ ಹೂವಿನ ಗುರುತು, ಹೀಗೆ ಒಂದು ದೇಶ ತನ್ನ ಬಗ್ಗೆ ತಾನೇ ಇಟ್ಟುಕೊಂಡ ಚಿಹ್ನೆಗಳೇ ಅವರ ವಿಷಯ. ಸಾಮಗ್ರಿ ಮಾತ್ರ ಅಂಗಡಿಯಲ್ಲಿ ಸಿಗುವಂಥದ್ದು: ಮರಳು, ಪ್ಲಾಸ್ಟಿಕ್ ಪೈಪು, ಆಟಿಕೆ, ಕನ್ನಡಿ, ನಿಯಾನ್ ದೀಪ.

ಇರುವೆ ಬಾವುಟ ಅಂದ್ರೆ ಏನು? ಫೋಟೋ ನೋಡಿದೆ, ತಲೆಬುಡ ತಿಳೀಲಿಲ್ಲ.

ಒಂದು ಚಪ್ಪಟೆ ಪಾರದರ್ಶಕ ಪೆಟ್ಟಿಗೆ ಅಂದುಕೊಳ್ಳಿ. ಅದರೊಳಗೆ ಬಣ್ಣದ ಮರಳು ತುಂಬಿ ಒಂದು ದೇಶದ ಬಾವುಟ ಮಾಡಿರುತ್ತಾರೆ. ಪಕ್ಕದಲ್ಲಿ ಇನ್ನೊಂದು ಪೆಟ್ಟಿಗೆ, ಇನ್ನೊಂದು ದೇಶ. ಹೀಗೆ ಗೋಡೆ ತುಂಬ ಸಾಲು ಸಾಲು. ಪೆಟ್ಟಿಗೆಯಿಂದ ಪೆಟ್ಟಿಗೆಗೆ ಸಣ್ಣ ಪ್ಲಾಸ್ಟಿಕ್ ಕೊಳವೆ. ಅದರೊಳಗೆ ಇರುವೆಗಳನ್ನು ಬಿಡುತ್ತಾರೆ. ಇಷ್ಟೇ. ಇಲ್ಲಿಗೆ ಕಲಾವಿದರ ಕೆಲಸ ಮುಗಿಯಿತು.

ಮುಂದಿನದೆಲ್ಲ ಇರುವೆಯ ಕೆಲಸ. ಅವು ಬಾವುಟದೊಳಗೆ ಸುರಂಗ ತೋಡುತ್ತವೆ. ಆಹಾರ ಹೊತ್ತು ಓಡಾಡುತ್ತವೆ. ಓಡಾಡುವಾಗ ಒಂದು ದೇಶದ ಮರಳು ಇನ್ನೊಂದು ದೇಶಕ್ಕೆ ಸೇರುತ್ತದೆ. ಮೊದಲ ದಿನ ಗೆರೆ ಹೊಡೆದಂತಿದ್ದ ಪಟ್ಟೆಗಳ ನಡುವೆ ಕೆಲವೇ ದಿನಗಳಲ್ಲಿ ಅಂಕುಡೊಂಕು ದಾರಿಗಳು ಕಾಣುತ್ತವೆ. ಫೋಟೋವನ್ನು ಹಿಗ್ಗಿಸಿ ನೋಡಿ. ನಕ್ಷತ್ರದ ನಡುವೆ ಒಂದು ಸುರಂಗ ಹಾದಿರುತ್ತದೆ. ಬಿಳಿಯಲ್ಲಿ ನೀಲಿಯ ಚೂರು ಸುರಿದಿರುತ್ತದೆ.

1990ರ ಮೊದಲ ದೊಡ್ಡ ಕೃತಿಗೆ ಅವರು ಇಟ್ಟ ಹೆಸರು ‘ದಿ ವರ್ಲ್ಡ್ ಫ್ಲ್ಯಾಗ್ ಆಂಟ್ ಫಾರ್ಮ್’. ಅಂದರೆ ಲೋಕದ ಬಾವುಟಗಳ ಇರುವೆ ಸಾಕಣೆ. 1996ರ ‘ಪೆಸಿಫಿಕ್’ ಎಂಬುದು 49 ಬಾವುಟಗಳದ್ದು. ಅದು ಈಗ ಲಂಡನ್ನಿನ ಟೇಟ್ ಮ್ಯೂಸಿಯಂ ಸಂಗ್ರಹದಲ್ಲಿದೆ.

ಇದನ್ನ ಶಿಲ್ಪ ಅಂತ ಹೇಗೆ ಕರೀತೀರಿ? ಕಲ್ಲೂ ಇಲ್ಲ, ಉಳಿಯೂ ಇಲ್ಲ.

ಬೇಲೂರು, ಹಳೇಬೀಡು ನೋಡಿಕೊಂಡು ಬೆಳೆದ ನಮಗೆ ಈ ಪ್ರಶ್ನೆ ಬಂದೇ ಬರುತ್ತದೆ. ನನಗೂ ಬಂದಿತ್ತು. ಆದರೆ ಕೆತ್ತುವುದು ಅಂದರೆ ಇರುವುದರಿಂದ ಒಂದಿಷ್ಟು ತೆಗೆಯುವುದು ಅಲ್ವಾ? ಇಲ್ಲೂ ಅದೇ ನಡೆಯುತ್ತದೆ. ಒಂದೊಂದೇ ಕಾಳು ಮರಳು ತೆಗೆದು ಗುಹೆ ಮಾಡುವ ಕೆಲಸ. ಉಳಿ ಹಿಡಿದವರು ಸಾವಿರಾರು ಮಂದಿ, ಅವರಿಗೆ ನಕ್ಷೆ ಕೊಟ್ಟವರು ಯಾರೂ ಇಲ್ಲ.

ಇರುವೆ ನಿಜವಾಗ್ಲೂ ಮರಳು ಹೊರುತ್ತಾ? ಕಲಾವಿದರೇ ಕಲಸಿಟ್ಟಿರಬಹುದಲ್ಲ?

ನಿಜವಾಗಿಯೂ ಹೊರುತ್ತದೆ. ನೆಲದಲ್ಲಿ ಗೂಡು ತೋಡುವ ಜಾತಿಗಳು ದವಡೆಯಲ್ಲಿ ಒಂದೊಂದು ಕಾಳು ಕಚ್ಚಿ ಹೊರಗೆ ತಂದು ಹಾಕುತ್ತವೆ. ಮಳೆ ನಿಂತ ಮಾರನೇ ದಿನ ಅಂಗಳದ ಮೂಲೆಯಲ್ಲಿ ಬಳೆಯಂತೆ ದುಂಡಗೆ ಹರಡಿದ ಹಸಿಮಣ್ಣು ನೋಡಿರುತ್ತೀರಿ. ಅದು ಇರುವೆಗಳು ಹೊತ್ತು ತಂದು ಹಾಕಿದ ಮಣ್ಣು.

ನಾನು ಯಾನಗಿಯವರ ಹೆಸರು ಕೇಳುವ ಎಷ್ಟೋ ಮೊದಲು ಇದನ್ನು ಮನೆ ಮುಂದೆಯೇ ನೋಡಿದ್ದೆ. ಅಮ್ಮ ರಂಗೋಲಿಗೆ ಅಕ್ಕಿ ಹಿಟ್ಟೇ ಬಳಸುತ್ತಿದ್ದರು. ಒಂದು ಆಗಸ್ಟ್ 15ರಂದು ಹಿಟ್ಟಿಗೆ ಬಣ್ಣ ಕಲಸಿ ಕೇಸರಿ, ಬಿಳಿ, ಹಸಿರು ಎಳೆದಿದ್ದರು. ಮಧ್ಯಾಹ್ನ ಶಾಲೆಯಿಂದ ಬರುವ ಹೊತ್ತಿಗೆ ಬಿಳಿ ಪಟ್ಟೆಯ ಒಂದು ಬದಿ ಸವೆದು ಹೋಗಿತ್ತು. ಅಲ್ಲಿಂದ ಹೊಸ್ತಿಲ ಸಂದಿವರೆಗೆ ಕಪ್ಪು ಸಾಲು. ಪ್ರತಿ ಇರುವೆಯ ಬಾಯಲ್ಲೂ ಒಂದು ಬಿಳಿ ಚುಕ್ಕೆ. ನಾನು ಊದಿ ಓಡಿಸಲು ಹೋದೆ. ‘ಬಿಡು, ಹಿಟ್ಟಲ್ಲಿ ಹಾಕೋದೇ ಅವು ತಿನ್ನಲಿ ಅಂತ’ ಅಂದರು ಅಮ್ಮ.

## ಜಪಾನು, ಅಮೆರಿಕ

ತಮ್ಮ ದೇಶದ ಬಾವುಟ ಬಿಟ್ಟು ಎಲ್ಲರ ಬಾವುಟದ ಮೇಲೂ ಇರುವೆ ಬಿಡೋದು ಸುಲಭ. ಜಪಾನಿನ ಬಗ್ಗೆ ಏನಾದ್ರೂ ಹೇಳಿದ್ದಾರಾ?

ಜಾಸ್ತಿ ಹೇಳಿರುವುದೇ ಜಪಾನಿನ ಬಗ್ಗೆ. ನನಗೆ ಬಹಳ ಇಷ್ಟವಾದದ್ದು 1991ರ ‘ಬಾನ್ಜಾಯ್ ಕಾರ್ನರ್’.

ಗೋಡೆಯ ಮೂಲೆಯಲ್ಲಿ ಎರಡು ಕನ್ನಡಿಗಳನ್ನು ಲಂಬವಾಗಿ ಜೋಡಿಸಿದ್ದಾರೆ. ಆ ಮೂಲೆಯಲ್ಲಿ ನೂರಾರು ಪ್ಲಾಸ್ಟಿಕ್ ಗೊಂಬೆಗಳು ಒತ್ತೊತ್ತಾಗಿ ನಿಂತಿವೆ. ಎಲ್ಲವೂ ಅಲ್ಟ್ರಾಮ್ಯಾನ್ ಜಾತಿಯ ಆಟಿಕೆಗಳು. 1966ರಿಂದ ಜಪಾನಿನ ಟಿವಿಯಲ್ಲಿ ರಾಕ್ಷಸರ ಜೊತೆ ಹೊಡೆದಾಡಿ ಭೂಮಿ ಕಾಯುತ್ತಿರುವ ಕೆಂಪು ಬೆಳ್ಳಿ ಬಣ್ಣದ ವೀರ ಇವನು. ಜಪಾನಿನ ಯಾವ ಮಗುವಿಗೂ ಗೊತ್ತು. ಗೊಂಬೆಗಳೆಲ್ಲ ಎರಡೂ ಕೈ ಎತ್ತಿ ‘ಬಾನ್ಜಾಯ್’ ಅನ್ನುವ ಭಂಗಿಯಲ್ಲಿವೆ. ಸಂತೋಷಕ್ಕೂ ಕೂಗುವ ಮಾತದು. ಯುದ್ಧದ ಕಾಲದಲ್ಲಿ ಚಕ್ರವರ್ತಿಯ ಹೆಸರಲ್ಲಿ ಸಾಯಲು ನುಗ್ಗುವಾಗ ಸೈನಿಕರು ಕೂಗಿದ್ದೂ ಅದನ್ನೇ.

ಗೊಂಬೆಗಳು ನಿಂತಿರುವುದು ಕಾಲು ವೃತ್ತದಲ್ಲಿ ಮಾತ್ರ. ಉಳಿದ ಮುಕ್ಕಾಲನ್ನು ಕನ್ನಡಿಗಳು ತುಂಬುತ್ತವೆ. ದೂರ ನಿಂತು ನೋಡಿದರೆ ಪೂರ್ತಿ ಕೆಂಪು ವೃತ್ತ. ಅದೇ ಹಿನೋಮಾರು, ಜಪಾನಿನ ಬಾವುಟದ ಸೂರ್ಯ. ಹತ್ತಿರ ಹೋದರೆ ಮತ್ತೆ ಬರೀ ಆಟಿಕೆಗಳು, ಎಲ್ಲವೂ ತಮ್ಮದೇ ಪ್ರತಿಬಿಂಬದ ಕಡೆ ಕೈ ಎತ್ತಿ ನಿಂತಿವೆ. ಒಂದು ದೇಶ ತನ್ನನ್ನು ತಾನೇ ನೋಡಿ ಜೈಕಾರ ಹಾಕಿಕೊಳ್ಳುವುದನ್ನು ಇದಕ್ಕಿಂತ ಸರಳವಾಗಿ ತೋರಿಸಿದವರನ್ನು ನಾನು ಕಂಡಿಲ್ಲ.

ಒಂದು ವಿಷಯ ನೆನಪಿಡಬೇಕು. ಹಿನೋಮಾರು ಜಪಾನಿನ ಅಧಿಕೃತ ರಾಷ್ಟ್ರಧ್ವಜ ಅಂತ ಈಗಿನ ಕಾನೂನು ಬಂದದ್ದು 1999ರ ಆಗಸ್ಟ್‌ನಲ್ಲಿ. ಯಾನಗಿ ಈ ಕೆಲಸ ಮಾಡಿದಾಗ ಅದು ರೂಢಿಯ ಬಾವುಟವಾಗಿತ್ತು. ಶಾಲೆಗಳಲ್ಲಿ ಹಾರಿಸಬೇಕೋ ಬೇಡವೋ ಅಂತ ದೊಡ್ಡ ಜಗಳವೇ ನಡೆಯುತ್ತಿತ್ತು.

ಬಾವುಟ ಬಿಟ್ಟು ಬೇರೆ ಚಿಹ್ನೆಗಳು?

ಎರಡನ್ನು ಹೇಳುತ್ತೇನೆ. ಎರಡೂ 1994ರವು. ಒಂದು ‘ಸೇವಂತಿಗೆಯ ಕಾರ್ಪೆಟ್’. ಜಪಾನಿನಲ್ಲಿ ಸೇವಂತಿಗೆ ಚಕ್ರವರ್ತಿ ಮನೆತನದ ಗುರುತು. ಅಲ್ಲಿನ ಪಾಸ್‌ಪೋರ್ಟಿನ ಮೇಲೂ ಅದೇ ಹೂವು. ಯಾನಗಿ ಕೆಂಪು ಕಾರ್ಪೆಟ್ಟಿನ ಮೇಲೆ ಆ ಹೂವಿನ ಎಸಳುಗಳನ್ನು ಕಿತ್ತು ಚೆಲ್ಲಿದಂತೆ ಮಾಡಿದರು.

ಇನ್ನೊಂದು ‘ಒಂಬತ್ತನೇ ವಿಧಿ’. 1947ರಲ್ಲಿ ಜಾರಿಗೆ ಬಂದ ಜಪಾನಿನ ಸಂವಿಧಾನದ ಆ ವಿಧಿ ಯುದ್ಧವನ್ನೇ ಕೈಬಿಡುತ್ತೇವೆ ಅನ್ನುತ್ತದೆ. ಅದರ ಅಕ್ಷರಗಳನ್ನು ಕೆಂಪು ನಿಯಾನ್‌ನಲ್ಲಿ ಮಾಡಿ, ತುಂಡು ತುಂಡಾಗಿ ನೆಲದ ಮೇಲೆ ಹರಡಿದರು. ಅಂಗಡಿ ಬೋರ್ಡು ಬಿಚ್ಚಿ ಇಟ್ಟ ಹಾಗೆ. ದೀಪ ಇನ್ನೂ ಉರಿಯುತ್ತಿದೆ, ಆದರೆ ಸಾಲಾಗಿ ಓದಲು ಆಗುವುದಿಲ್ಲ. ಈ ವಿಧಿಯನ್ನು ಉಳಿಸಬೇಕೋ ತಿದ್ದಬೇಕೋ ಅನ್ನುವ ಚರ್ಚೆ ಅಲ್ಲಿ ಇವತ್ತಿಗೂ ನಿಂತಿಲ್ಲ.

ಜಪಾನಿನವರಿಗೆ ಈ ಇರುವೆ ಐಡಿಯಾ ಅಮೆರಿಕದಲ್ಲೇ ಯಾಕೆ ಹೊಳೀತು?

ಅವರು ಅಲ್ಲಿ ಓದುತ್ತಿದ್ದ ವರ್ಷಗಳನ್ನು ನೋಡಿ. 1989ರ ಜೂನ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟು, ಪ್ರತಿಭಟನೆಗಾಗಿ ಬಾವುಟ ಸುಡುವುದೂ ಅಭಿವ್ಯಕ್ತಿ ಸ್ವಾತಂತ್ರ್ಯದ ಒಳಗೇ ಬರುತ್ತದೆ ಅಂತ ತೀರ್ಪು ಕೊಟ್ಟಿತು. ಐವರು ಪರ, ನಾಲ್ವರು ವಿರೋಧ. ಸಂಸತ್ತು ಅದೇ ವರ್ಷ ಬಾವುಟ ರಕ್ಷಣೆಗೆ ಹೊಸ ಕಾನೂನು ತಂದಿತು. 1990ರ ಜೂನ್‌ನಲ್ಲಿ ಕೋರ್ಟು ಅದನ್ನೂ ತಳ್ಳಿಹಾಕಿತು. ಮತ್ತೆ ಐದು, ನಾಲ್ಕು. ಇದೇ ಹೊತ್ತಲ್ಲಿ ಷಿಕಾಗೋದಲ್ಲಿ ಡ್ರೆಡ್ ಸ್ಕಾಟ್ ಎಂಬ ವಿದ್ಯಾರ್ಥಿ ಬಾವುಟವನ್ನು ನೆಲದ ಮೇಲೆ ಹಾಸಿ, ಅದರ ಮುಂದೆ ಅಭಿಪ್ರಾಯ ಬರೆಯಲು ಪುಸ್ತಕ ಇಟ್ಟಿದ್ದರು. ಊರಿಗೆ ಊರೇ ಎದ್ದು ನಿಂತಿತ್ತು. ನ್ಯೂಯಾರ್ಕಿನ ಕಲಾವಿದ ಡೇವಿಡ್ ಹ್ಯಾಮನ್ಸ್ 1990ರಲ್ಲೇ ಅಮೆರಿಕದ ಬಾವುಟವನ್ನು ಕೆಂಪು, ಕಪ್ಪು, ಹಸಿರಿನಲ್ಲಿ ಹೊಲಿಸಿದರು. ಎಲ್ಲ ಕಡೆ ಬಾವುಟದ್ದೇ ಮಾತು.

ಇನ್ನೊಂದು ಕಾರಣ ತುಂಬ ಸಣ್ಣದು, ನನಗೆ ಇಷ್ಟವಾದದ್ದು. ‘ಆಂಟ್ ಫಾರ್ಮ್’ ಅನ್ನುವುದು ಅಮೆರಿಕದ ಮಕ್ಕಳ ಆಟಿಕೆಯ ಹೆಸರು. 1956ರಿಂದ ಮಾರಾಟದಲ್ಲಿದೆ. ಎರಡು ಪಾರದರ್ಶಕ ಹಾಳೆ, ನಡುವೆ ಮರಳು, ಒಂದಿಷ್ಟು ಇರುವೆ. ಯಾನಗಿ ಆ ಆಟಿಕೆಯನ್ನೇ ಲೋಕದ ಗಾತ್ರಕ್ಕೆ ಹಿಗ್ಗಿಸಿದರು.

ಜಾಸ್ಪರ್ ಜಾನ್ಸ್ ಬಾವುಟ ಚಿತ್ರಗಳಿಗೂ ಇದಕ್ಕೂ ಸಂಬಂಧ ಇದೆಯಾ?

ಇದೆ, ಯಾನಗಿಯವರೇ ತೋರಿಸಿದ್ದಾರೆ. ಅಮೆರಿಕದ ಚಿತ್ರಕಾರ ಜಾನ್ಸ್ 1958ರಲ್ಲಿ ಮೂರು ಅಮೆರಿಕನ್ ಬಾವುಟಗಳನ್ನು ಒಂದರ ಮೇಲೊಂದು, ದೊಡ್ಡದರಿಂದ ಸಣ್ಣದಕ್ಕೆ ಜೋಡಿಸಿದ ‘ತ್ರೀ ಫ್ಲ್ಯಾಗ್ಸ್’ ಮಾಡಿದರು. ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಂ ಅದನ್ನು 1980ರಲ್ಲಿ 10 ಲಕ್ಷ ಡಾಲರಿಗೆ ಕೊಂಡಿತು. 2000ದಲ್ಲಿ ಆ ಮ್ಯೂಸಿಯಂನ ಕಲಾ ಪ್ರದರ್ಶನವಾದ ವಿಟ್ನಿ ಬಿಯೆನಿಯಲ್‌ಗೆ ಕರೆದಾಗ ಯಾನಗಿ ಅದೇ ಚಿತ್ರವನ್ನು ಬಣ್ಣದ ಮರಳಲ್ಲಿ ಮಾಡಿ ಇರುವೆ ಬಿಟ್ಟರು. ಜಾನ್ಸ್ ಕೇಳಿದ್ದು ‘ಇದು ಬಾವುಟವೋ, ಬಾವುಟದ ಚಿತ್ರವೋ?’ ಅನ್ನುವ ಪ್ರಶ್ನೆ ಅಂತ ನಾನು ಓದುತ್ತೇನೆ. ಯಾನಗಿಯವರ ಪ್ರಶ್ನೆ ಬೇರೆ: ಇದು ಎಷ್ಟು ದಿನ ಹೀಗೇ ಇರುತ್ತದೆ?

## ಜಗಳ ಆಗುವ ಪ್ರಶ್ನೆಗಳು

ನೇರವಾಗಿ ಕೇಳ್ತೀನಿ. ಇದು ಬಾವುಟಕ್ಕೆ ಅವಮಾನ ಅಲ್ವಾ?

ನೇರವಾಗಿಯೇ ಹೇಳುತ್ತೇನೆ, ನನಗೆ ಹಾಗನ್ನಿಸುವುದಿಲ್ಲ. ಬಾವುಟ ಕಂಡರೆ ಎದೆ ತುಂಬಿ ಬರುವವರಲ್ಲಿ ನಾನೂ ಒಬ್ಬ.

ಅವಮಾನ ಮಾಡುವವರಿಗೆ ಒಂದು ಗುರಿ ಇರುತ್ತದೆ, ಒಂದು ದೇಶದ ಮೇಲೆ ಸಿಟ್ಟು ಇರುತ್ತದೆ. ಇಲ್ಲಿ ದೊಡ್ಡ ದೇಶಕ್ಕೂ ಸಣ್ಣ ದ್ವೀಪಕ್ಕೂ ಅದೇ ಅಳತೆಯ ಪೆಟ್ಟಿಗೆ, ಅದೇ ಮರಳು. ಯಾರ ಬಾವುಟವನ್ನೂ ಯಾರೂ ತುಳಿಯುತ್ತಿಲ್ಲ. ಕಾಳು ಹೊತ್ತು ದಾಟುವ ಜೀವಿಗಳಿವೆ, ಅವು ದಾಟುವಾಗ ಬಣ್ಣ ಬದಲಾಗುತ್ತದೆ, ಅಷ್ಟೇ.

ನನ್ನ ಕಣ್ಣಿಗೆ ಅಲ್ಲಿ ಕಾಣುವುದು ದುಡಿಯುವವರು. ಕರಾವಳಿಯಿಂದ ಕೊಲ್ಲಿಗೆ ಹೋಗಿ ದುಡಿದವರನ್ನು ನಾವೆಲ್ಲ ನೋಡಿದ್ದೇವೆ. ಅವರು ಅಲ್ಲಿಂದ ದುಡ್ಡು ತಂದರು, ಖರ್ಜೂರ ತಂದರು, ಅತ್ತರಿನ ವಾಸನೆ, ನಾಲ್ಕಾರು ಅರಬ್ಬಿ ಮಾತು ತಂದರು. ಇಲ್ಲಿಂದ ಅಲ್ಲಿಗೂ ಎಷ್ಟೋ ಹೊತ್ತೊಯ್ದರು. ಎರಡೂ ಕಡೆಯ ಬಣ್ಣ ಒಂಚೂರು ಬದಲಾಯಿತು. ಯಾರೂ ಬಾವುಟ ಕೆಡಿಸಲು ಹೊರಟವರಲ್ಲ. ಮನೆ ನಡೆಸಲು ಹೊರಟವರು. ಯಾನಗಿಯವರ ಪೆಟ್ಟಿಗೆಗಳ ಮುಂದೆ ನನಗೆ ನೆನಪಾಗುವುದು ಇವರೇ.

ಇದನ್ನೇ ನಮ್ಮ ತ್ರಿವರ್ಣದ ಜೊತೆ ಇಲ್ಲಿ ಮಾಡಿದ್ರೆ?

ಕಷ್ಟ. 1971ರ ರಾಷ್ಟ್ರೀಯ ಗೌರವಕ್ಕೆ ಅವಮಾನ ತಡೆ ಕಾಯ್ದೆಯಲ್ಲಿ ಬಾವುಟವನ್ನು ಸಾರ್ವಜನಿಕವಾಗಿ ಸುಡುವುದು, ವಿರೂಪಗೊಳಿಸುವುದು, ತುಳಿಯುವುದು ಅಪರಾಧ. 3 ವರ್ಷದವರೆಗೆ ಜೈಲು, ದಂಡ ಅಥವಾ ಎರಡೂ ಆಗಬಹುದು. ಬಾವುಟ ಅಂದರೆ ಬಟ್ಟೆಯದ್ದು ಮಾತ್ರ ಅಂತ ಕಾಯ್ದೆ ಹೇಳುವುದಿಲ್ಲ. ಯಾವುದೇ ವಸ್ತುವಿನಿಂದ ಮಾಡಿದ, ಯಾವುದೇ ವಸ್ತುವಿನ ಮೇಲೆ ಬಿಡಿಸಿದ ರೂಪವೂ ಬಾವುಟವೇ. ಅಂದರೆ ಮರಳೂ ಬಂತು, ರಂಗೋಲಿ ಹಿಟ್ಟೂ ಬಂತು. ಬಾವುಟವನ್ನು, ಸಂವಿಧಾನವನ್ನು ಟೀಕಿಸಿ ಕಾನೂನಿನ ದಾರಿಯಲ್ಲಿ ಬದಲಾವಣೆ ಕೇಳುವ ಮಾತು ಅಪರಾಧವಲ್ಲ ಅಂತಲೂ ಅದೇ ಕಾಯ್ದೆಯಲ್ಲಿದೆ. ಆದರೆ ಮಾತು ಬೇರೆ, ಮರಳು ಬೇರೆ.

ನಮ್ಮಲ್ಲಿ ಬಾವುಟದ ಅಳತೆ ಎಷ್ಟು ಬಿಗಿ ಅಂತ ತಿಳಿಯಲು ಹುಬ್ಬಳ್ಳಿಯ ಬೆಂಗೇರಿಯನ್ನು ನೆನೆದರೆ ಸಾಕು. ಖಾದಿ ಬಾವುಟ ತಯಾರಿಗೆ, ವಸ್ತುಗಳ ಗುಣಮಟ್ಟ ಗೊತ್ತುಮಾಡುವ ಮಾನಕ ಸಂಸ್ಥೆಯ ಮುದ್ರೆ ಪಡೆದ ಕೇಂದ್ರ ಅಲ್ಲಿದೆ. ಧಾರವಾಡದ ಹತ್ತಿರದ ಗರಗ ಬಾವುಟದ ಬಟ್ಟೆಗೇ ಹೆಸರಾದ ಊರು. ಸ್ವತಂತ್ರ ಭಾರತ ಹೊರತಂದ ಮಾನಕಗಳ ಪಟ್ಟಿಯಲ್ಲಿ ಮೊದಲ ನಂಬರೇ ಬಾವುಟದ್ದು, 1951ರಲ್ಲಿ. ನೂಲು, ಬಣ್ಣ, ಹೊಲಿಗೆ, ಚಕ್ರ ಕೂರುವ ಜಾಗ, ಎಲ್ಲಕ್ಕೂ ಲೆಕ್ಕ. ತಪ್ಪಿದರೆ ಪಾಸಾಗುವುದಿಲ್ಲ. ಅಲ್ಲಿ ಬಾವುಟ ಹೊಲಿಯುವ ಹೆಣ್ಣುಮಕ್ಕಳ ಕೈಕೆಲಸದ ಬಗ್ಗೆ ನನಗೆ ಅಪಾರ ಗೌರವ. ಯಾನಗಿಯವರ ಕೆಲಸದ ಬಗ್ಗೆಯೂ ಅಷ್ಟೇ ಗೌರವ. ಎರಡನ್ನೂ ಒಟ್ಟಿಗೆ ಇಟ್ಟುಕೊಳ್ಳಲು ನನಗೆ ತೊಂದರೆ ಆಗಿಲ್ಲ. ಎರಡೂ ಬಾವುಟವನ್ನು ಹತ್ತಿರದಿಂದ ನೋಡುವ ಕೆಲಸಗಳೇ.

ಇರುವೆಗಳನ್ನ ಪೆಟ್ಟಿಗೇಲಿ ಕೂಡಿಹಾಕೋದು ಹಿಂಸೆ ಅಲ್ವಾ?

ಇದು ಸುಮ್ನೆ ಕೇಳುವ ಪ್ರಶ್ನೆ ಅಲ್ಲ, ನನ್ನನ್ನೂ ಕಾಡಿದೆ. ಎಲ್ಲ ದೇಶ ದಾಟಿದರೂ ಆ ಇರುವೆ ಪ್ಲಾಸ್ಟಿಕ್ ದಾಟಲಾರದು. ಸ್ವಾತಂತ್ರ್ಯದ ಬಗ್ಗೆ ಹೇಳುವ ಕೃತಿ ಬಂಧನದ ಮೇಲೆ ನಿಂತಿದೆ. ಆದರೆ ನಾವು ಕೂಡ ಹಾಗೇ ಅಲ್ವಾ, ವೀಸಾ ಅನ್ನುವ ಕೊಳವೆಯೊಳಗೇ ಓಡಾಡುವವರು ಅಂತ ಒಬ್ಬ ವಿದ್ಯಾರ್ಥಿನಿ ಕೇಳಿದ್ದಳು. ಒಳ್ಳೆಯ ಮಾತು. ಆದರೂ ನನ್ನ ಕಸಿವಿಸಿ ಪೂರ್ತಿ ಹೋಗಿಲ್ಲ.

ಇರುವೆಗಳೇ ಭಾರೀ ಗಡಿ ಕಾಯೋ ಜೀವಿಗಳು. ಅವನ್ನ ಗಡಿ ಅಳಿಸೋಕೆ ಬಳಸೋದು ವಿಚಿತ್ರ ಅಲ್ವಾ?

ನನಗೆ ಬಂದ ಪ್ರಶ್ನೆಗಳಲ್ಲೇ ಚೂಪಾದದ್ದು ಇದು. ಪೂರ್ತಿ ನಿಜ ಕೂಡ. ಇರುವೆಯ ಮೈಮೇಲೆ ಮೇಣದಂಥ ತೆಳು ಪದರ ಇರುತ್ತದೆ. ಅದರ ವಾಸನೆ ಗೂಡಿನಿಂದ ಗೂಡಿಗೆ ಬೇರೆ. ಮೀಸೆ ತಾಗಿಸಿದ ಕೂಡಲೇ ನಮ್ಮವರೋ ಹೊರಗಿನವರೋ ಅಂತ ಗೊತ್ತಾಗುತ್ತದೆ. ಹೊರಗಿನವರಾದರೆ ಜಾತಿ ಒಂದೇ ಇದ್ದರೂ ಬಿಡುವುದಿಲ್ಲ.

ಇದನ್ನು ನಾನು ಕಣ್ಣಾರೆ ಕಂಡೆ. ಮಕ್ಕಳ ಜೊತೆ ಒಂದು ಸಣ್ಣ ಪ್ರಯೋಗಕ್ಕೆ ಗೊದ್ದಗಳನ್ನು ಹಿಡಿದೆ. ಸಾಲದು ಅಂತ ಕಾಂಪೌಂಡಿನ ಆಚೆಯ ಗೂಡಿನಿಂದಲೂ ಒಂದಿಷ್ಟು ತಂದು ಸೇರಿಸಿದೆ. ಅರ್ಧ ಗಂಟೆಯಲ್ಲಿ ಡಬ್ಬಿಯ ತಳದಲ್ಲಿ ಎರಡೆರಡು ಇರುವೆ ದವಡೆಗೆ ದವಡೆ ಕಚ್ಚಿಕೊಂಡು ಬಿದ್ದಿದ್ದವು. ಕೆಲವಕ್ಕೆ ಕಾಲಿರಲಿಲ್ಲ. ಒಂದು ಹುಡುಗಿ ಅತ್ತಳು. ತಪ್ಪು ನನ್ನದೇ.

ಹಾಗಾಗಿ ಇಂಥ ಪೆಟ್ಟಿಗೆ ಶಾಂತವಾಗಿ ನಡೆಯಬೇಕಾದರೆ ಒಳಗಿರುವ ಇರುವೆಗಳೆಲ್ಲ ಒಂದೇ ಗೂಡಿನವಾಗಿರಬೇಕು. ಇದು ಕೃತಿಯನ್ನು ದುರ್ಬಲ ಮಾಡುತ್ತದೆ ಅನ್ನುವವರಿದ್ದಾರೆ. ನನಗೆ ಉಲ್ಟಾ ಅನ್ನಿಸುತ್ತದೆ. ಎಲ್ಲ ಬಾವುಟಗಳ ಕೆಳಗೆ ಓಡಾಡುತ್ತಿರುವುದು ಒಂದೇ ಮನೆಯವರು. ಪೆಟ್ಟಿಗೆಯ ಗೆರೆ ಹಾಕಿದವರು ಹೊರಗಿನವರು.

## ಇನ್ನಷ್ಟು ನೋಡಬೇಕೆನ್ನುವವರಿಗೆ

ನಮ್ಮ ಕಡೆ ಯಾರಾದ್ರೂ ದಿನಬಳಕೆ ವಸ್ತುಗಳಲ್ಲಿ ಇಂಥ ಕೆಲಸ ಮಾಡಿದ್ದಾರಾ?

ಶೀಲಾ ಗೌಡ ಅವರನ್ನು ನೋಡಲೇಬೇಕು. 1957ರಲ್ಲಿ ಭದ್ರಾವತಿಯಲ್ಲಿ ಹುಟ್ಟಿದವರು, ಬೆಂಗಳೂರಿನಲ್ಲಿ ಕೆಲಸ ಮಾಡುತ್ತಾರೆ. 1990ರ ದಶಕದ ಮೊದಲಲ್ಲಿ, ಕೋಮುಗಲಭೆಗಳ ಕಾಲದಲ್ಲಿ, ಅವರು ಚಿತ್ರ ಬಿಟ್ಟು ಸೆಗಣಿ ಕೈಗೆತ್ತಿಕೊಂಡರು. ನಮ್ಮ ಮನೆ ಸಾರಿಸುವ, ಬೆರಣಿ ತಟ್ಟುವ ಸೆಗಣಿ. ಅದೇ ಹಸು ರಾಜಕೀಯದ ಚಿಹ್ನೆಯೂ ಹೌದು. ಆಮೇಲೆ ಸೂಜಿ, ದಾರ, ಕುಂಕುಮ ಬಂದವು. 2009ರ ‘ಬಿಹೋಲ್ಡ್’ನಲ್ಲಿ ಕೂದಲ ಹಗ್ಗ ಮತ್ತು ಕಾರಿನ ಬಂಪರ್. ದೃಷ್ಟಿ ಆಗದಿರಲಿ ಅಂತ ಗಾಡಿಗೆ ಕಟ್ಟುತ್ತಾರಲ್ಲ, ಅದೇ ಹಗ್ಗ. ಯಾನಗಿಯವರ ಹಾಗೆ ಇವರು ಬಾವುಟವನ್ನು ನೇರ ಮುಟ್ಟುವುದಿಲ್ಲ. ಆದರೆ ಮನೆಯ ವಸ್ತುವಿನೊಳಗೆ ನಾಡಿನ ಚಿಹ್ನೆ ಹೇಗೆ ಅಡಗಿ ಕೂತಿರುತ್ತದೆ ಅಂತ ಇವರಷ್ಟು ಆಳವಾಗಿ ತೋರಿಸಿದವರು ಕಡಿಮೆ.

ಮಕ್ಕಳ ಜೊತೆ ಮನೇಲಿ ಮಾಡಿ ನೋಡಬಹುದಾ?

ಮಾಡಬಹುದು. ಬಾವುಟ ಬೇಡ, ಸುಮ್ನೆ ಎರಡು ಬಣ್ಣ ಸಾಕು. ಎರಡು ಪಾರದರ್ಶಕ ಡಬ್ಬಿ, ನಡುವೆ ಒಂದು ತುಂಡು ಪೈಪು. ರಂಗೋಲಿ ಪುಡಿ ತೀರಾ ನುಣುಪು, ಸುರಂಗ ನಿಲ್ಲುವುದಿಲ್ಲ. ಜರಡಿ ಹಿಡಿದ ಮರಳು ತಗೊಂಡು, ತಿನ್ನುವ ಬಣ್ಣ ಹಾಕಿ ಒಣಗಿಸಿ, ಆಮೇಲೆ ಸ್ವಲ್ಪ ತೇವ ಮಾಡಿ. ಮುಚ್ಚಳಕ್ಕೆ ಸೂಜಿಯಿಂದ ತೂತು. ಇರುವೆ ಒಂದೇ ಗೂಡಿನದ್ದಾಗಿರಲಿ. ಕೆಂಜಿಗ, ಚಗಳಿ ಆಗುವುದಿಲ್ಲ, ಅವು ಎಲೆಯಲ್ಲಿ ಗೂಡು ಹೆಣೆಯುವವು, ಮಣ್ಣು ತೋಡುವುದಿಲ್ಲ. ಒಂದು ಹನಿ ಬೆಲ್ಲದ ನೀರು ಹತ್ತಿಯಲ್ಲಿ ಅದ್ದಿಡಿ. ಬಿಸಿಲಿಗೆ ಇಡಬೇಡಿ. ಮೂರ್ನಾಲ್ಕು ದಿನ ನೋಡಿ, ಹಿಡಿದ ಜಾಗದಲ್ಲೇ ವಾಪಸ್ ಬಿಟ್ಟುಬಿಡಿ.

ಎಲ್ಲಿ ಹೋದರೆ ನೋಡಲು ಸಿಗುತ್ತೆ?

ಜಪಾನಿನ ನಾವೋಶಿಮಾ ದ್ವೀಪದ ಬೆನೆಸ್ಸೆ ಹೌಸ್ ಮ್ಯೂಸಿಯಂನಲ್ಲಿ ಇರುವೆ ಬಾವುಟವೂ ಇದೆ, ಬಾನ್ಜಾಯ್ ಕಾರ್ನರ್ ಕೂಡ ಇದೆ. ಓಕಾಯಾಮಾ ಕಡೆಯ ಉನೋ ಬಂದರಿನಿಂದ ದೋಣಿಯಲ್ಲಿ ಸುಮಾರು 20 ನಿಮಿಷ. ಅಲ್ಲಿವರೆಗೆ ಹೋದವರು ಪಕ್ಕದ ಇನುಜಿಮಾ ದ್ವೀಪ ತಪ್ಪಿಸಬೇಡಿ. 1909ರಲ್ಲಿ ಶುರುವಾಗಿ ಹತ್ತೇ ವರ್ಷದಲ್ಲಿ ಮುಚ್ಚಿದ ತಾಮ್ರದ ಕಾರ್ಖಾನೆ ಅಲ್ಲಿದೆ. ಅದರ ಪಾಳುಗೋಡೆಗಳ ನಡುವೆ 2008ರಲ್ಲಿ ಯಾನಗಿಯವರ ಕೆಲಸಕ್ಕೇ ಮೀಸಲಾದ ಮ್ಯೂಸಿಯಂ ತೆರೆಯಿತು. ಲಂಡನ್ನಿನಲ್ಲಿರುವ ಕನ್ನಡಿಗರು ಟೇಟ್‌ಗೆ ಹೋಗುವ ಮೊದಲು ‘ಪೆಸಿಫಿಕ್’ ಪ್ರದರ್ಶನದಲ್ಲಿದೆಯಾ ಅಂತ ಕೇಳಿಕೊಳ್ಳಿ.

ಆ ಇರುವೆಗೆ ತಾನು ಯಾವ ದೇಶದಲ್ಲಿದ್ದೀನಿ ಅಂತ ಗೊತ್ತಾಗುತ್ತಾ?

ಒಂದು ಏಳು ವರ್ಷದ ಹುಡುಗ ಕೇಳಿದ್ದು. ಇರುವೆಗೆ ದಾರಿ ಗೊತ್ತಾಗುವುದು ಜಾಸ್ತಿ ವಾಸನೆಯಿಂದ. ಮುಂದೆ ಹೋದ ಇರುವೆ ಬಿಟ್ಟ ವಾಸನೆಯ ಗೆರೆ ಹಿಡಿದು ಹಿಂದಿನದು ನಡೆಯುತ್ತದೆ. ಬಣ್ಣವೂ ಒಂದಷ್ಟು ಕಾಣುತ್ತದೆ, ಆದರೆ ಬಹಳಷ್ಟು ಜಾತಿಗಳಿಗೆ ಕಾಣುವುದು ಹಸಿರಿನ ಆಸುಪಾಸು, ಮತ್ತೆ ನಮ್ಮ ಕಣ್ಣಿಗೆ ಬೀಳದ ನೇರಳಾತೀತ ಬೆಳಕು. ಕೆಂಪು ಅವಕ್ಕೆ ಸರಿಯಾಗಿ ಕಾಣುವುದಿಲ್ಲ. ಜಪಾನಿನ ಪೆಟ್ಟಿಗೆಯಲ್ಲಿ ನಮ್ಮ ಕಣ್ಣು ಮೊದಲು ಹೋಗುವುದು ನಡುವಿನ ಕೆಂಪು ಸೂರ್ಯನ ಕಡೆ. ಅದರೊಳಗೆ ತೋಡುತ್ತಿರುವ ಇರುವೆಗೆ ಅಲ್ಲಿರುವುದು ಒಂದಿಷ್ಟು ಮಬ್ಬು, ಹೊರಬಹುದಾದಷ್ಟು ಗಾತ್ರದ ಒಂದು ಕಾಳು.